ಪಾಠದಲ್ಲಿ ಬಿಟ್ಟುಹೋದ ಬೆಳಕು

ಬೀಕರಿನಲ್ಲಿ ಹೈಡ್ರಿಲ್ಲಾ ಗಿಡದ ತುಂಡುಗಳು, ಅವುಗಳ ಮೇಲೆ ಬೋರಲಾಗಿಟ್ಟ ಆಲಿಕೆ, ಆಲಿಕೆಯ ಮೇಲೆ ನೀರು ತುಂಬಿದ ಪ್ರನಾಳ. ಬಿಸಿಲಿಗಿಟ್ಟರೆ ಆಮ್ಲಜನಕದ ಗುಳ್ಳೆಗಳು ಏಳುತ್ತವೆ, ಕತ್ತಲೆಯಲ್ಲಿಟ್ಟರೆ ನಿಲ್ಲುತ್ತವೆ. ಈ ಪ್ರಯೋಗ ಮಾಡಿಸದ ವಿಜ್ಞಾನ ಶಿಕ್ಷಕರು ವಿರಳ. ಆದರೆ ಜಲಮಾಲಿನ್ಯದ ಪಾಠಕ್ಕೆ ಬಂದಾಗ ಈ ಗಿಡವನ್ನೂ ಬೆಳಕನ್ನೂ ನಾವು ಮರೆಯುತ್ತೇವೆ. ಗೊಬ್ಬರ ನೀರಿಗೆ ಸೇರುತ್ತದೆ, ಶೈವಲ ಹೆಚ್ಚುತ್ತದೆ, ಅದು ಸತ್ತು ಕೊಳೆಯುವಾಗ ಆಮ್ಲಜನಕ ಮುಗಿಯುತ್ತದೆ, ಮೀನುಗಳು ಸಾಯುತ್ತವೆ ಎಂದು ಬರೆಸುತ್ತೇವೆ. ಇದು ತಪ್ಪಲ್ಲ, ಅಪೂರ್ಣ. ಶೈವಲದ ಹೆಚ್ಚಳಕ್ಕೂ ಮೀನಿನ ಸಾವಿಗೂ ನಡುವೆ ಇನ್ನೊಂದು ಸಾವು ಸದ್ದಿಲ್ಲದೆ ನಡೆದಿರುತ್ತದೆ. ಅದು ತಳದಲ್ಲಿ ಬೇರೂರಿದ ಸಸ್ಯಗಳದು. ಕಾರಣ ಬೆಳಕಿನ ಕೊರತೆ.

ಗೊಬ್ಬರ ಬಂದರೆ ಈ ಗಿಡಗಳೂ ಸೊಂಪಾಗಿ ಬೆಳೆಯಬೇಕಲ್ಲವೆ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಬೇರುಳ್ಳ ಜಲಸಸ್ಯ ತನಗೆ ಬೇಕಾದ ರಂಜಕದ ಬಹುಪಾಲನ್ನು ತಳದ ಕೆಸರಿನಿಂದಲೇ ಪಡೆಯುತ್ತದೆ. ನೀರಿನಲ್ಲಿ ಕರಗಿದ ಪೋಷಕಾಂಶದಿಂದ ಹೆಚ್ಚು ಲಾಭ ತೇಲುವ ಸೂಕ್ಷ್ಮ ಶೈವಲಕ್ಕೆ. 1 ಗ್ರಾಂ ರಂಜಕ, ಅದರ ಜೊತೆ ಸುಮಾರು 7 ಗ್ರಾಂ ಸಾರಜನಕ ದೊರೆತರೆ ಶೈವಲ 40 ಗ್ರಾಂನಷ್ಟು ಇಂಗಾಲವನ್ನು ತನ್ನ ದೇಹವಾಗಿಸಿಕೊಳ್ಳಬಲ್ಲದು. ನೀರು ಹಸಿರಾಗುತ್ತದೆ. ಸಾಲದ್ದಕ್ಕೆ ಗಿಡದ ಎಲೆಗಳ ಮೇಲೂ ಶೈವಲದ ಲೋಳೆ ಕೂರುತ್ತದೆ. ಇಂಗ್ಲೆಂಡಿನ ನಾರ್ಫೋಕ್ ಬ್ರಾಡ್ಸ್ ಕೆರೆಗಳ ಅಧ್ಯಯನದಿಂದ ಫಿಲಿಪ್ಸ್, ಎಮಿನ್ಸನ್ ಮತ್ತು ಮಾಸ್ 1978ರಲ್ಲಿ ಇದನ್ನೇ ವಾದಿಸಿದರು: ಗಿಡಗಳ ಅವನತಿಗೆ ಮೊದಲ ಕಾರಣ ಅವುಗಳ ಮೈಮೇಲಿನ ನೆರಳು; ನೀರು ಹಸಿರಾಗುವುದು ಆಮೇಲಿನ ಹಂತ.

ಇಲ್ಲಿಂದ ಮುಂದೆ ಭೌತಶಾಸ್ತ್ರ. ನೀರಿನಲ್ಲಿ ಬೆಳಕು ಆಳದೊಂದಿಗೆ ಘಾತೀಯವಾಗಿ ಕುಗ್ಗುತ್ತದೆ. ಇಟಲಿಯ ಪಾದ್ರಿ, ಖಗೋಳಜ್ಞ ಆಂಜೆಲೊ ಸೆಕ್ಕಿ 1865ರಲ್ಲಿ ಬಿಳಿಯ ತಟ್ಟೆಯೊಂದನ್ನು ಸಮುದ್ರಕ್ಕಿಳಿಸಿ, ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆಂದು ನೋಡಿದರು. 1.7ನ್ನು ಈ ಆಳದಿಂದ ಭಾಗಿಸಿದರೆ ಬೆಳಕಿನ ಕ್ಷೀಣತಾ ಗುಣಾಂಕ ಸ್ಥೂಲವಾಗಿ ಸಿಗುತ್ತದೆ ಎಂದು ಪೂಲ್ ಮತ್ತು ಅಟ್ಕಿನ್ಸ್ 1929ರಲ್ಲಿ ತೋರಿಸಿದರು. ಸಮುದ್ರ ಹುಲ್ಲುಗಳಿಗೆ ಮೇಲ್ಮೈ ಬೆಳಕಿನ ಸುಮಾರು ಶೇ. 11 ಬೇಕು ಎಂಬುದು 1991ರಲ್ಲಿ ದುವಾರ್ತೆ ಕೊಟ್ಟ ಸರಾಸರಿ. ನಮ್ಮ ಲೆಕ್ಕಕ್ಕೆ ಶೇ. 10 ಎಂದಿಟ್ಟುಕೊಳ್ಳಿ. ತಟ್ಟೆ 1 ಮೀಟರಿನಲ್ಲಿ ಮರೆಯಾದರೆ ಅಷ್ಟು ಬೆಳಕು 1.35 ಮೀಟರಿನವರೆಗೆ ಸಿಗುತ್ತದೆ, 25 ಸೆಂ.ಮೀ.ಗೇ ಮರೆಯಾದರೆ 34 ಸೆಂ.ಮೀ.ವರೆಗೆ ಮಾತ್ರ. 10 ಮೀಟರಿಗೆ 1 ಮೀಟರಿನಂತೆ ಇಳಿಯುವ ದಡದಲ್ಲಿ ಗಿಡ ಬೆಳೆಯಬಲ್ಲ ಪಟ್ಟಿ 13.5 ಮೀಟರಿನಿಂದ 3.4 ಮೀಟರಿಗೆ ಕುಗ್ಗಿತು. ನೀರಿನ ಮಟ್ಟ ಒಂದಡಿ ಇಳಿದರೆ ಆ ಪಟ್ಟಿಯೂ ಬಹುತೇಕ ಒಣನೆಲ. ಹೈಡ್ರಿಲ್ಲಾ ಮೇಲ್ಮೈವರೆಗೆ ಚಾಚಿ ಹೇಗೋ ಬದುಕೀತು. ತಳದಿಂದಲೇ ಎಲೆ ಬಿಡುವ ವ್ಯಾಲಿಸ್ನೇರಿಯಾಕ್ಕೆ ಆ ಅನುಕೂಲ ಕಡಿಮೆ.

ಈ ಲೆಕ್ಕವನ್ನು ಕಾಗವಾಡ ಸೀಮೆಯ ಕೃಷ್ಣೆಗೆ ಅನ್ವಯಿಸಿ ನೋಡಿ. ಕೊಲ್ಹಾಪುರ, ಇಚಲಕರಂಜಿಗಳ ಕೊಳಚೆಯನ್ನು ಹೊತ್ತ ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆಮೇಲೆ ನದಿ ಗಡಿ ದಾಟುತ್ತದೆ. ಉಗಾರ ಖುರ್ದ, ಕುಡಚಿಗಳ ಎರಡೂ ಬದಿಗೆ ಕಬ್ಬಿನ ಗದ್ದೆಗಳು. ಬೆಳೆ ಹೀರದೆ ಉಳಿದ ಯೂರಿಯಾ, ಡಿಎಪಿಗಳ ಪಾಲು ಬಸಿದು ಹಳ್ಳ ಸೇರುತ್ತದೆ. ಮಳೆಗಾಲದಲ್ಲಿ ನದಿ ಹೇಗೂ ರಾಡಿ. ಆಗ ತಳದ ಗಿಡಕ್ಕೆ ಬೆಳಕಿಲ್ಲದಿರುವುದು ಸಹಜ. ಅದರ ಬದುಕೆಲ್ಲ ಮಣ್ಣು ತಳಕ್ಕಿಳಿದು ನೀರು ತಿಳಿಯಾಗುವ ನವೆಂಬರಿನಿಂದ ಮೇ ತಿಂಗಳವರೆಗೆ. ಬ್ಯಾರೇಜುಗಳು ನೀರನ್ನು ನಿಲ್ಲಿಸುವುದೂ, ಹರಿವು ತಗ್ಗಿ ಕೊಳಚೆಯ ಪಾಲು ಹೆಚ್ಚುವುದೂ ಇದೇ ತಿಂಗಳುಗಳಲ್ಲಿ. ನಿಂತ ನೀರು, ಬಿಸಿಲು, ಪೋಷಕಾಂಶ ಮೂರೂ ಕೂಡಿದಾಗ ಶೈವಲಕ್ಕೆ ಹಬ್ಬ. ಇರುವ ಒಂದೇ ಹಂಗಾಮಿನಲ್ಲಿ ಗಿಡಕ್ಕೆ ಬೆಳಕು ತಪ್ಪುತ್ತದೆ.

ನನ್ನ ಆಕ್ಷೇಪ ಪಾಠದ ಮೇಲೆ ಮಾತ್ರವಲ್ಲ, ಅಳತೆಯ ಮೇಲೂ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ 351, 2022ರಲ್ಲಿ 311 ಮಲಿನ ನದಿಭಾಗಗಳನ್ನು ಪಟ್ಟಿ ಮಾಡಿತು. ಪಟ್ಟಿಗೆ ಸೇರಿಸುವ ಮಾನದಂಡ ಬಿಓಡಿ, ಅಂದರೆ ಜೈವಿಕ ಆಮ್ಲಜನಕ ಬೇಡಿಕೆ; ಲೀಟರಿಗೆ 3 ಮಿಲಿಗ್ರಾಂ ಮೀರಿದರೆ ಮಲಿನ. ನೈಟ್ರೇಟನ್ನು ಅಳೆಯುವುದೇ ಇಲ್ಲವೆಂದಲ್ಲ. ಪಟ್ಟಿಯನ್ನು ನಿರ್ಧರಿಸುವುದು ಅದಲ್ಲ, ಬೆಳಕಂತೂ ಅಲ್ಲವೇ ಅಲ್ಲ. ಕರಗಿದ ಆಮ್ಲಜನಕ ನಮ್ಮನ್ನು ಮೋಸಗೊಳಿಸುವುದೂ ಉಂಟು: ಶೈವಲ ತುಂಬಿದ ನೀರನ್ನು ಮಧ್ಯಾಹ್ನ ಪರೀಕ್ಷಿಸಿದರೆ ಪರ್ಯಾಪ್ತ ಮಟ್ಟಕ್ಕೂ ಹೆಚ್ಚು ಆಮ್ಲಜನಕ ಕಾಣಬಹುದು, ಬೆಳಗಿನ ಜಾವ ಅದೇ ನೀರಿನಲ್ಲಿ ಮೀನು ಬಾಯಿ ತೆರೆದು ಮೇಲೆ ಬರುತ್ತಿರುತ್ತದೆ. ಅಂತರಗಂಗೆಯನ್ನು ಯಂತ್ರದಿಂದ ಎತ್ತಿ ಫೋಟೋ ತೆಗೆಸಿಕೊಳ್ಳುವುದೂ ಇದೇ ಬಗೆಯ ಅರೆ ಉಪಾಯ. ಮುಚ್ಚಳ ತೆಗೆದಂತಾಯಿತು, ಆದರೆ ಪೋಷಕಾಂಶದ ಹರಿವು ನಿಲ್ಲದಿದ್ದರೆ ತೆರೆದ ನೀರನ್ನು ಶೈವಲ ಆಕ್ರಮಿಸುತ್ತದೆ.

ಪೋಷಕಾಂಶ ತಗ್ಗಿಸಿದರೆ ಗಿಡ ಮರಳುತ್ತದೆಯೆ? ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ 1984ರಿಂದೀಚೆಗೆ ಸಾರಜನಕದ ಪ್ರಮಾಣ ಶೇ. 23ರಷ್ಟು ಇಳಿದು, 17,000 ಹೆಕ್ಟೇರಿನಷ್ಟು ಜಲಸಸ್ಯ ಮರಳಿತೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅಲ್ಲಿ ದಶಕಗಳ ಕಾಲ ಗಿಡಗಳ ವಿಸ್ತಾರವನ್ನೇ ಅಳೆಯುತ್ತ ಬಂದಿದ್ದರು. ಹಾಗಾಗಿ ಚೇತರಿಕೆ ಕಣ್ಣಿಗೆ ಬಿತ್ತು.

ನಮ್ಮ ಶಾಲೆಗಳಿಗೆ ಸೆಕ್ಕಿ ತಟ್ಟೆ ದುಬಾರಿಯೇನಲ್ಲ. 20 ಸೆಂ.ಮೀ. ಅಗಲದ ತಗಡಿನ ತಟ್ಟೆಯನ್ನು ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಬಳಿಯಿರಿ. ಕೆಳಗೆ ಭಾರ ಕಟ್ಟಿ, ಹಗ್ಗಕ್ಕೆ 5 ಸೆಂ.ಮೀ.ಗೊಂದು ಗುರುತು ಹಾಕಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಮಕ್ಕಳನ್ನು ನೀರಿಗಿಳಿಸಬೇಡಿ. ನಂಬಿಕಸ್ತ ಅಂಬಿಗನ ದೋಣಿಯಿಂದ ಶಿಕ್ಷಕರೇ ಅಳೆಯಲಿ. ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರೊಳಗೆ, ದೋಣಿಯ ನೆರಳಿನ ಬದಿಗೆ ಇಳಿಸಿ. ನವೆಂಬರಿನಿಂದ ಮೇವರೆಗೆ ಹದಿನೈದು ದಿನಕ್ಕೊಮ್ಮೆ ಅದೇ ಜಾಗದಲ್ಲಿ ಅಳೆದು, ಬಂದ ಅಂಕಿಯನ್ನು 1.35ರಿಂದ ಗುಣಿಸಿ, ದಿನಾಂಕದೊಡನೆ ಗೋಡೆಯ ಮೇಲಿನ ನಕ್ಷೆಯಲ್ಲಿ ಗುರುತಿಸುತ್ತ ಹೋಗಿ.