ಏಳು ತುಂಡಿನ ಲೋಟ

ಮಗುವಿಗೆ ಸಿಪ್ಪರ್ ಕೊಳ್ಳಲು ಹೊರಟವರು ಅಂಗಡಿಯಲ್ಲೇ ಅದನ್ನು ಪೂರ್ತಿ ಬಿಚ್ಚಿ ನೋಡಬೇಕು. ಮುಚ್ಚಳ ತಿರುಗಿಸಿ ತೆಗೆದರೆ ಸಾಲದು. ಮೂತಿಯನ್ನು ಎಳೆದು ಬಿಡಿಸಿ, ಅದರ ಅಡಿಯಲ್ಲಿ ವಾಲ್ವಿದ್ದರೆ ಅದನ್ನು ಉಗುರಿನಿಂದ ಮೀಟಿ, ಮುಚ್ಚಳದ ಒಳಸುತ್ತಿನಲ್ಲಿ ಕೂತ ರಬ್ಬರ್ ಉಂಗುರವನ್ನೂ ಹೊರಗೆ ತೆಗೆಯಿರಿ. ಮೊನ್ನೆ ಮೈಸೂರಿನ ಅಂಗಡಿಯೊಂದರಲ್ಲಿ ನಾನು ಹೀಗೆ ಬಿಚ್ಚಿದ ಸಿಪ್ಪರ್ ಏಳು ತುಂಡಾಯಿತು: ಬಾಟಲಿ, ಎರಡು ಹಿಡಿಯ ಬಳೆ, ಮುಚ್ಚಳ, ಮೂತಿ, ಒಳಗಿನ ಸ್ಟ್ರಾ, ಸ್ಟ್ರಾದ ತುದಿಯ ಭಾರದ ಗುಂಡು, ಉಂಗುರ. ಹಾಲು ಕುಡಿಸಿದ ಪ್ರತಿ ಸಲವೂ ಈ ಏಳನ್ನೂ ಬಿಡಿಸಿ, ಉಜ್ಜಿ, ಒಣಗಿಸಿ, ಮತ್ತೆ ಜೋಡಿಸಬೇಕು. ಮಗುವನ್ನು ಮಲಗಿಸಿ ರಾತ್ರಿ ಹತ್ತೂವರೆಗೆ ಸಿಂಕಿನ ಮುಂದೆ ನಿಲ್ಲುವ ತಾಯಿಯನ್ನು ನೆನೆದುಕೊಂಡೇ ನಾನು ಸಿಪ್ಪರ್ ಆರಿಸುವುದು.

ಇದನ್ನು ಕಲಿತದ್ದು ಮಂಗಳೂರಿನಲ್ಲಿ, ಮಗಳ ಮನೆಯಲ್ಲಿ. ಜುಲೈ ತಿಂಗಳು, ಹರವಿದ ಬಟ್ಟೆ ಮೂರು ದಿನವಾದರೂ ತಣ್ಣಗೇ ಇರುವಂಥ ಮಳೆ. ಆಗಷ್ಟೇ ವರ್ಷ ತುಂಬಿದ್ದ ಮೊಮ್ಮಗಳು ಸಿಪ್ಪರ್ ಬಾಯಿಗಿಟ್ಟ ತಕ್ಷಣ ಮುಖ ತಿರುಗಿಸುತ್ತಿದ್ದಳು. ಹಲ್ಲು ಬರುತ್ತಿದೆ, ಅದಕ್ಕೇ ಹಟ ಮಾಡುತ್ತಾಳೆ ಅಂದುಕೊಂಡಿದ್ದೆವು. ಒಂದು ಸಂಜೆ ಮೂಸಿ ನೋಡಿದೆ. ಒದ್ದೆ ಗೋಣಿಚೀಲದ ವಾಸನೆ.

“ಅಮ್ಮಾ, ದಿನಾ ಕುದಿಯೋ ನೀರಲ್ಲಿ ಹಾಕಿ ತೆಗೀತೀನಲ್ಲ” ಅಂದಳು ಮಗಳು. ಹಾಕುತ್ತಿದ್ದಳು, ನಾನೇ ನೋಡಿದ್ದೆ. ಆದರೆ ವಾಲ್ವನ್ನು ಮೂತಿಯಲ್ಲೇ ಬಿಟ್ಟು ಹಾಕುತ್ತಿದ್ದಳು. ಅದು ಬಿಚ್ಚಿ ಬರುತ್ತದೆಂದು ಡಬ್ಬಿಯ ಮೇಲೆ ಎಲ್ಲೂ ಬರೆದಿರಲಿಲ್ಲ. ಆ ಪುಟ್ಟ ಸಿಲಿಕೋನ್ ಟೋಪಿಯನ್ನು ಕಿತ್ತು, ಒಳಮೈ ಹೊರಗಾಗುವಂತೆ ಬೆರಳಿನಿಂದ ಮಗುಚಿದರೆ, ಸೀಳಿನ ಎರಡೂ ಅಂಚಿಗೆ ಕಪ್ಪು ಚುಕ್ಕೆಗಳು ಸಾಸಿವೆ ಸಿಡಿದ ಹಾಗೆ ಕೂತಿದ್ದವು. ಮಗಳು ಒಂದು ಮಾತೂ ಆಡದೆ ಅದನ್ನು ಕಸದ ಬುಟ್ಟಿಗೆ ಹಾಕಿ, ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತಳು. ಅವಳ ತಪ್ಪು ಇದರಲ್ಲಿ ಏನೇನೂ ಇರಲಿಲ್ಲ. 2016ರಲ್ಲಿ ಅಮೆರಿಕದಲ್ಲಿ ಹೆಸರಾಂತ ಕಂಪನಿಯೊಂದು ಇದೇ ಬೂಸ್ಟಿನ ದೂರುಗಳಿಂದಾಗಿ 31 ಲಕ್ಷ ಸಿಪ್ಪರ್‌ಗಳನ್ನು ವಾಪಸ್ ಕರೆಸಿಕೊಂಡಿತ್ತು. ಅಲ್ಲೂ ಬೂಸ್ಟು ಹಿಡಿದದ್ದು ವಾಲ್ವಿಗೇ.

ಈ ವಾಲ್ವು ಬಂದದ್ದಾದರೂ ಎಲ್ಲಿಂದ? 1980ರ ದಶಕದ ಆರಂಭದಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್ ರಿಚರ್ಡ್ ಬೆಲಾಂಜರ್, ಪುಟ್ಟ ಮಗ ಮನೆ ತುಂಬ ಚೆಲ್ಲುತ್ತಿದ್ದ ಜ್ಯೂಸ್ ಒರೆಸಿ ಒರೆಸಿ ಸಾಕಾಗಿ, ಹೀರಿದರೆ ಮಾತ್ರ ತೆರೆದುಕೊಳ್ಳುವ ಮುಚ್ಚಳವೊಂದನ್ನು ತಾನೇ ಮಾಡಿಕೊಂಡ. ಕಾರ್ಪೆಟ್ ಹಾಸಿದ ನೆಲದ ಮನೆಗಳಿಗೆ ಅದೊಂದು ವರವೇ ಆಗಿರಬೇಕು. ಕಾರ್ಪೆಟ್ಟಿಗೆ ಇಳಿದ ಹಾಲಿನ ಹುಳಿವಾಸನೆ ಬೇಗ ಹೋಗುವಂಥದ್ದಲ್ಲ. ನಮ್ಮ ಕಡೆ ಇರುವುದು ಮೊಸಾಯಿಕ್, ಗ್ರಾನೈಟ್, ಟೈಲ್ಸು, ಹಳೆಯ ಮನೆಯಾದರೆ ಕೆಂಪು ಗಾರೆ. ಲೋಟ ಉರುಳಿದರೆ ಒಂದು ಒರೆಸುವ ಬಟ್ಟೆ, ಅರ್ಧ ನಿಮಿಷ. ಮನೆಯೊಳಗೆ ಚೆಲ್ಲದ ಲೋಟ ನಮಗೆ ಅಷ್ಟು ಅಗತ್ಯವೇ ಎಂದು ನಾನು ಕೇಳುವುದು ಇದಕ್ಕೇ.

ನಮ್ಮ ಮಕ್ಕಳು ಕುಡಿಯುವುದೂ ಬೇರೆ. ಸೋಸಿದ ಸೇಬಿನ ರಸಕ್ಕೆ ಹೊಂದುವ ಸೀಳಿನಲ್ಲಿ ರಾಗಿ ಗಂಜಿ ಇಳಿಯುವುದಿಲ್ಲ. ಎಷ್ಟೇ ತೆಳ್ಳಗೆ ಕಾಯಿಸಿದರೂ ಆರುತ್ತಾ ಆರುತ್ತಾ ಗಟ್ಟಿಯಾಗುತ್ತದೆ. ಕಾಯಿಸಿದ ಹಾಲಿನ ಕೆನೆಯ ಒಂದು ಎಳೆ ಸಾಕು ವಾಲ್ವು ಕಟ್ಟಿಕೊಳ್ಳಲು. ಮಜ್ಜಿಗೆಯ ಸಣ್ಣ ಗಂಟೂ ಸಾಕು. ಮಗು ಕೆನ್ನೆ ಒಳಗೆಳೆದುಕೊಂಡು ಹೀರುತ್ತದೆ, ಬರುವುದಿಲ್ಲ, ಸಿಟ್ಟಿಗೆ ಎಸೆಯುತ್ತದೆ. ಆಗ ಸೀಳನ್ನು ಕತ್ತರಿಯಿಂದ ಅಗಲ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಕತ್ತರಿಸಿದ ಸಿಲಿಕೋನ್ ಹರಿಯುತ್ತಾ ಹೋಗುತ್ತದೆ, ಹಲ್ಲು ಮೂಡಿದ ಮಗು ಅಲ್ಲೇ ಕಚ್ಚುತ್ತದೆ, ಚೂರು ಗಂಟಲಿಗೆ ಹೋದೀತು.

ಹಾಗಾಗಿ ನಾನು ಒಪ್ಪುವ ಸಿಪ್ಪರ್ ಒಂದೇ ಬಗೆಯದು: ವಾಲ್ವಿಲ್ಲದ, ದಪ್ಪ ನೇರ ಸ್ಟ್ರಾ ಇರುವ, ಮೂರು ತುಂಡಿಗಿಂತ ಹೆಚ್ಚಾಗದ, 200 ಎಂ.ಎಲ್. ಒಳಗಿನ ಸಣ್ಣ ಬಾಟಲಿ. ಸ್ಟ್ರಾ ಬ್ರಷ್ ಅದರ ಜೊತೆಗೇ ಬರಬೇಕು. ಬದಲಿ ಸ್ಟ್ರಾ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿಯೇ ದುಡ್ಡು ಕೊಡಿ. 300 ಎಂ.ಎಲ್. ತುಂಬಿದ ಸ್ಟೀಲ್ ಬಾಟಲಿಯನ್ನು ಒಂದು ವರ್ಷದ ಮಗುವಿನ ಮಣಿಕಟ್ಟು ಎತ್ತಲಾರದು. ಹಿಡಿ ಇದ್ದರೆ ಅದರೊಳಗೆ ನಾಲ್ಕು ಪುಟ್ಟ ಬೆರಳು ಸಲೀಸಾಗಿ ತೂರಬೇಕು. ಸ್ಟ್ರಾದಲ್ಲಿ ಹೀರುವುದು ಗೊತ್ತಾಗದ ಮಗುವಿಗೆ ಕಲಿಸುವ ದಾರಿ ಸುಲಭ. ಬಿಡಿ ಸ್ಟ್ರಾ ನೀರಿಗಿಳಿಸಿ, ಮೇಲಿನ ತೂತನ್ನು ಬೆರಳಿನಿಂದ ಮುಚ್ಚಿ ಎತ್ತಿ, ಮಗು ತುಟಿ ಕೂಡಿಸಿದಾಗ ಬೆರಳು ಬಿಡಿ. ನಾಲ್ಕಾರು ಹನಿ ನಾಲಿಗೆಗೆ ಬೀಳುತ್ತದೆ. ನಮ್ಮ ಹುಡುಗಿ ಎರಡನೇ ದಿನಕ್ಕೆ ತಾನೇ ಎಳೆದುಕೊಂಡಳು.

ಪ್ಲಾಸ್ಟಿಕ್ ಕೊಳ್ಳುವುದಾದರೆ ತಳದ ತ್ರಿಕೋನದಲ್ಲಿ 5 ಎಂದಿರಲಿ, ಅದು ಪಾಲಿಪ್ರೊಪಿಲೀನ್. 7 ಎಂದಿದ್ದರೆ ಹಲವು ಬಗೆಯ ಪ್ಲಾಸ್ಟಿಕ್ ಅದರಡಿ ಬರುತ್ತವೆ. ಬಿಪಿಎ ಇರುವ ಪಾಲಿಕಾರ್ಬೊನೇಟ್ ಕೂಡ ಅದೇ ಗುಂಪಿನದು, ಅಮೆರಿಕ 2012ರಲ್ಲಿ ಮಕ್ಕಳ ಬಾಟಲಿ ಮತ್ತು ಸಿಪ್ಪರ್‌ಗಳಿಂದ ಹೊರಗಿಟ್ಟದ್ದು ಅದನ್ನೇ.

ಸ್ಟೀಲಿನ ವಿಷಯಕ್ಕೆ ತುಸು ಹೆಚ್ಚು ಹೊತ್ತು ಬೇಕು. ಎರಡು ಪದರದ, ಬಿಸಿ ಹಿಡಿದಿಡುವ ಸಿಪ್ಪರ್‌ಗಳು ಈಗ ಎಲ್ಲ ಕಡೆ ಬಂದಿವೆ. ಒಂದೇ ಪದರದ ಲೋಟವನ್ನು ಕೈಯಲ್ಲಿ ಹಿಡಿದರೆ ಹಾಲು ಎಷ್ಟು ಬಿಸಿ ಎಂದು ಅಂಗೈಗೇ ಗೊತ್ತಾಗುತ್ತದೆ. ಎರಡು ಪದರದ್ದರಲ್ಲಿ ಹೊರಗೆ ತಣ್ಣಗೆ, ಒಳಗೆ ನಾಲಿಗೆ ಸುಡುವಷ್ಟು ಬಿಸಿ. ಬೆಳಿಗ್ಗೆ ತುಂಬಿದ ಹಾಲು ಮಧ್ಯಾಹ್ನದವರೆಗೂ ಉಗುರುಬೆಚ್ಚಗೆ ಉಳಿದರೆ ಅದೂ ಒಳ್ಳೆಯದಲ್ಲ. ಹಾಲು ಕೆಡಿಸುವ ಕ್ರಿಮಿಗಳಿಗೆ ಬೇಕಾದ ಹದ ಅದೇ. ಇಂಥ ಬಾಟಲಿಗಳಲ್ಲಿ ಕೆಲವಕ್ಕೆ ಎರಡು ಪದರದ ನಡುವಿನ ತೂತನ್ನು ತಳದಲ್ಲಿ ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಆ ಬೆಸುಗೆಯಲ್ಲಿ ಸೀಸ ಇದ್ದು, ಮೇಲಿನ ತಳಮುಚ್ಚಳ ಕಳಚಿದರೆ ಮಗುವಿನ ಕೈಗೆ ಸಿಗುವಂತಿದ್ದದ್ದರಿಂದ 2022ರಲ್ಲಿ ಅಮೆರಿಕದಲ್ಲಿ ಮಕ್ಕಳ ಸ್ಟೀಲ್ ಕಪ್ಪುಗಳನ್ನು ಹಿಂದಕ್ಕೆ ಪಡೆದರು. ಬಿದ್ದು ಬಿದ್ದು ತಳ ಅಲುಗಾಡುತ್ತಿರುವ ಎರಡು ಪದರದ ಸಿಪ್ಪರ್ ನಿಮ್ಮ ಮನೆಯಲ್ಲಿದ್ದರೆ ಮಗುವಿನ ಕೈಗೆ ಮತ್ತೆ ಕೊಡಬೇಡಿ.

ಯಾವ ಸಿಪ್ಪರ್ ಆದರೂ ಕೂತು ಕುಡಿಯುವ ಅಭ್ಯಾಸವಿರಲಿ. ಅಮೆರಿಕದಲ್ಲಿ 1991ರಿಂದ 2010ರವರೆಗೆ ಬಾಟಲಿ, ಸಿಪ್ಪರ್, ಚೀಪುವ ನಿಪ್ಪಲ್‌ಗಳಿಂದ ಗಾಯವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದ ಮೂರು ವರ್ಷದೊಳಗಿನ ಮಕ್ಕಳ ಸಂಖ್ಯೆ 45,398 ಎಂದು 2012ರಲ್ಲಿ ಲೆಕ್ಕ ಹಾಕಿದ್ದರು. ಹೆಚ್ಚಿನವರು ಒಂದು ವರ್ಷದ ಮಕ್ಕಳು, ಕಾರಣ ಹೆಚ್ಚಿನಂಶ ಮುಗ್ಗರಿಸಿ ಬಿದ್ದದ್ದು. ನಡೆಯಲು ಆಗಷ್ಟೇ ಕಲಿತ ಮಗು ಗಟ್ಟಿ ಮೂತಿ ಬಾಯಲ್ಲಿಟ್ಟುಕೊಂಡು ಓಡಿದರೆ ಆಗುವುದು ಅದೇ. ಕೈಯಲ್ಲೇ ಹಿಡಿದುಕೊಂಡು ತಿರುಗುವ ಸಿಪ್ಪರಿಗೆ ನೀರಲ್ಲದೆ ಬೇರೇನನ್ನೂ ಹಾಕಬೇಡಿ. ಸಕ್ಕರೆ ಬೆರೆಸಿದ ಹಾಲನ್ನು ದಿನವಿಡೀ ಗುಟುಕು ಗುಟುಕಾಗಿ ಹೀರುವ ಮಗುವಿನ ಮುಂದಿನ ಹಲ್ಲುಗಳು ಬಂದಷ್ಟೇ ಬೇಗ ಹುಳುಕಾಗುತ್ತವೆ.

ನಮ್ಮಲ್ಲಿ ಮಗುವಿಗೆ ಕುಡಿಸಲೆಂದೇ ಮಾಡಿದ ಪಾತ್ರೆ ಇಲ್ಲದಿರಲಿಲ್ಲ. ನನ್ನ ತವರಿನ ಬೆಳ್ಳಿಯ ಒಳಲೆ ಈಗಲೂ ಬೀರುವಿನಲ್ಲಿದೆ. ಅಂಗೈಯೊಳಗೆ ಅಡಗುವ ಬಟ್ಟಲು, ಒಂದು ಕಡೆ ಕೊಕ್ಕಿನ ಹಾಗೆ ಚಾಚಿದ ತುದಿ. ತಮಿಳರು ಪಾಲಾಡೈ ಎನ್ನುವ ಇದನ್ನು, ಇನ್ನೂ ಮೊಲೆ ಚೀಪಲಾರದ ಅವಧಿಗೆ ಮುಂಚಿನ ಕೂಸುಗಳಿಗೆ ಹಾಲು ಕುಡಿಸಲು ಆಸ್ಪತ್ರೆಗಳಲ್ಲಿ ಇವತ್ತಿಗೂ ಬಳಸುತ್ತಾರೆ. ಇಡೀ ಪಾತ್ರೆ ಒಂದೇ ತುಂಡು. ಬೆರಳು ಹೋಗದ ಮೂಲೆ ಅದರಲ್ಲಿ ಒಂದೂ ಇಲ್ಲ. ಸಿಪ್ಪರ್ ಮಾಡುವವರು ಒಂದು ಒಳಲೆಯನ್ನು ಮೇಜಿನ ಮೇಲಿಟ್ಟುಕೊಂಡು ಕೆಲಸ ಮಾಡಬೇಕೆಂದು ನನಗೆ ಮನಸ್ಸಿನಿಂದ ಅನಿಸುತ್ತದೆ.

ಒಳಲೆಯಿಂದ ಮುಂದಿನ ಮೆಟ್ಟಿಲು ಲೋಟ. ಮೊಮ್ಮಗಳಿಗಾಗಿ ಪಾತ್ರೆ ಅಂಗಡಿಯಲ್ಲಿ ಹುಡುಕಿ ತಂದದ್ದು ಕಾಫಿ ಲೋಟದಲ್ಲೇ ಎಲ್ಲಕ್ಕಿಂತ ಚಿಕ್ಕದು, ಹೊರಕ್ಕೆ ಬಾಗಿದ ಅಂಚಿನದು. ಆ ಬಾಗು ಮಗುವಿನ ಕೆಳತುಟಿಯ ಮೇಲೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ನೇರ ಅಂಚಿನ ಲೋಟದಲ್ಲಿ ನೀರು ತುಟಿಯ ಎರಡೂ ಕೊನೆಯಿಂದ ಇಳಿದು ಕೊರಳಿಗೆ ಹೋಗುತ್ತದೆ. ಅಂಚಿನ ಸುತ್ತ ಬೆರಳಾಡಿಸಿ, ಎಲ್ಲೂ ಚುಚ್ಚದ್ದನ್ನೇ ಆರಿಸಿದೆ. ಮೊದಲ ವಾರ ಎರಡು ಚಮಚದಷ್ಟು ನೀರು ಮಾತ್ರ ಹಾಕಿದೆವು, ಊಟಕ್ಕೆ ಕೂತಾಗ ಮಾತ್ರ ಕೊಟ್ಟೆವು. ಅವಳು ಅದರಲ್ಲಿ ಕೈ ಅದ್ದಿದಳು, ತಲೆಗೆ ಸುರಿದುಕೊಂಡಳು, ಲೋಟದೊಳಗೆ ಕೂಗಿ ತನ್ನ ದನಿಯನ್ನೇ ಕೇಳಿಸಿಕೊಂಡಳು. ಮೂರನೇ ವಾರ ಎರಡೂ ಕೈಯಲ್ಲಿ ಹಿಡಿದು, ಮೂಗು ಒಳಗಿಟ್ಟು, ಗುಳುಕ್ಕೆಂದು ಒಂದು ಗುಟುಕು ನುಂಗಿ ನಮ್ಮೆಲ್ಲರ ಮುಖ ನೋಡಿದಳು.

ಅಂದಿನಿಂದ ಮನೆಯೊಳಗೆ ಲೋಟ, ಹೊರಗೆ ಹೋದಾಗ ಮಾತ್ರ ಸ್ಟ್ರಾ ಸಿಪ್ಪರ್. ಹೋದ ಸಲ ಮಗಳು ಕಾರಿನಲ್ಲಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿಯಲ್ಲಿ ನಿಲ್ಲಿಸಿ ಸಿಪ್ಪರ್ ತೆರೆದಾಗ ನೀರು ಕಾರಂಜಿಯ ಹಾಗೆ ಚಿಮ್ಮಿ ಮಗು ಬೆಚ್ಚಿಬಿದ್ದಿತ್ತು. ಮಂಗಳೂರಿನಲ್ಲಿ ಮುಚ್ಚಿದ ಬಾಟಲಿಯೊಳಗಿನ ಗಾಳಿ ಸಾವಿರ ಮೀಟರ್ ಮೇಲೆ ಬಂದಾಗ ಹಿಗ್ಗಿ, ನೀರನ್ನು ಸ್ಟ್ರಾಕ್ಕೆ ತಳ್ಳುತ್ತದೆ. ನಾಳಿದ್ದು ಮತ್ತೆ ಅದೇ ದಾರಿಯಲ್ಲಿ ನನ್ನ ಮನೆಗೆ ಬರುತ್ತಿದ್ದಾರೆ. ಫೋನಿನಲ್ಲಿ ಹೇಳಿದ್ದೇನೆ: ಮೇಲೆ ಬಂದ ಮೇಲೆ ಮೊದಲು ಮುಚ್ಚಳವನ್ನು ಒಂದು ಸುತ್ತು ಸಡಿಲಿಸು, ಆಮೇಲೆ ಸ್ಟ್ರಾ ಎತ್ತು.