ಹಿಂದಿನ ಸೀಟಿನ ತಕರಾರು

ಟ್ಯಾಂಡಮ್ ಸೈಕಲ್ಲಿಗೆ ಚೈನು ಎರಡು. ಬಲಗಡೆಯದು ಎಲ್ಲ ಸೈಕಲ್ಲಿಗೂ ಇರುವಂಥದ್ದೇ, ಹಿಂದಿನ ಗಾಲಿ ತಿರುಗಿಸುತ್ತದೆ. ಎಡಗಡೆಯದು ಮುಂದೆ ಕೂತವರ ಪೆಡಲನ್ನೂ ಹಿಂದೆ ಕೂತವರ ಪೆಡಲನ್ನೂ ಒಂದಕ್ಕೊಂದು ಕಟ್ಟಿಹಾಕುತ್ತದೆ. ಒಬ್ಬರು ತುಳಿದರೆ ಇನ್ನೊಬ್ಬರ ಕಾಲೂ ತಿರುಗಲೇಬೇಕು, ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರದೂ ನಿಲ್ಲುತ್ತದೆ. ಇಂಗ್ಲೆಂಡಿನ ಟೀಸ್‌ಸೈಡಿನಲ್ಲಿ ನೆಲೆಸಿರುವ ಗೆಳೆಯ ಗ್ಯಾರೇಜಿನ ಬಾಗಿಲು ತೆಗೆದವನೇ ನನ್ನನ್ನು ಕರೆದದ್ದು ಈ ಎಡಗಡೆಗೆ. ಅವನ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. “ಅವನು ಹೇಳೋದೆಲ್ಲ ಕೇಳಿಸಿಕೊಳ್ಳಿ. ಆಮೇಲೆ ಹಿಂದಿನ ಸೀಟಲ್ಲಿ ಒಂದು ಸುತ್ತು ಹೋಗಿ ಬಂದು ಬರೀರಿ” ಅಂದರು. ಹಾಗೆಯೇ ಮಾಡಿದ್ದೇನೆ.

ಅದು 1970ರ ದಶಕದ ಜ್ಯಾಕ್ ಟೇಲರ್ ಟ್ಯಾಂಡಮ್. ಯಾರದೋ ಶೆಡ್ಡಿನಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಹಿಂದೆ ಬಿದ್ದಿದ್ದನ್ನು ತಂದು, ಎರಡು ಚಳಿಗಾಲ ಅದರ ಮುಂದೆ ಕೂತು, ಟೆಂಟು ಹಾಸಿಗೆ ಹೇರಿಕೊಂಡು ವಾರಗಟ್ಟಲೆ ತಿರುಗಬಹುದಾದ ಸ್ಥಿತಿಗೆ ತಂದಿದ್ದಾನೆ.

ಪಕ್ಕದ ಸ್ಟಾಕ್‌ಟನ್ ರೈಲಿನ ಚರಿತ್ರೆ ಓದಿದವರಿಗೆ ಗೊತ್ತಿರುವ ಊರು. ಸ್ಟಾಕ್‌ಟನ್–ಡಾರ್ಲಿಂಗ್ಟನ್ ರೈಲುದಾರಿ ಶುರುವಾದದ್ದು 1825ರಲ್ಲಿ. ಸೈಕಲ್ ಹುಚ್ಚಿನವರಿಗೆ ಮಾತ್ರ ಆ ಊರು ಅಂದರೆ ಟೇಲರ್ ಸಹೋದರರು. ಜ್ಯಾಕ್, ನಾರ್ಮನ್, ಕೆನ್ ಮೂವರೂ ಸೇರಿ 1945ರಲ್ಲಿ ಶುರುಮಾಡಿದ ಕೆಲಸ 1990ರವರೆಗೆ ನಡೆಯಿತು. ಬೆಸುಗೆ ಹೆಚ್ಚಾಗಿ ನಾರ್ಮನ್ ಕೈಯದು, ಬಣ್ಣ ಜ್ಯಾಕ್ ಕೈಯದು. ಕೊಳವೆಗಳು ಸೇರುವ ಕಡೆ ಲಗ್ ಎಂಬ ತೋಳು ತೊಡಿಸದೆ, ಹಿತ್ತಾಳೆ ಕರಗಿಸಿ ಬೆಸೆದು, ಅರದಿಂದ ನಯಮಾಡುವ ಪದ್ಧತಿ ಅವರದು. ಟ್ಯಾಂಡಮ್ಮಿನ ವಿಚಿತ್ರ ಕೋನಗಳಿಗೆ ಸಿದ್ಧ ಲಗ್ಗುಗಳು ಸಿಗುವುದೂ ಕಷ್ಟ. ಗೆಳೆಯ ನನ್ನ ಕೈ ಹಿಡಿದು ಒಂದು ಜೋಡಣೆಯ ಮೇಲೆ ಇಟ್ಟ. ಒಂದು ಕೊಳವೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಬೆರಳಿಗೆ ತಿಳಿಯಲಿಲ್ಲ.

ಕೊಳವೆಗಳು ರೆನಾಲ್ಡ್ಸ್ 531, 1935ರಲ್ಲಿ ಬಂದ ಮ್ಯಾಂಗನೀಸ್ ಬೆರೆತ ಉಕ್ಕು. ರೆನಾಲ್ಡ್ಸ್ ಆಗ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಗುಂಪಿನದು. ಅದೇ ಗುಂಪು ಕೈಜೋಡಿಸಿ 1949ರಲ್ಲಿ ಮದ್ರಾಸಿನಲ್ಲಿ ಟಿ.ಐ. ಸೈಕಲ್ಸ್ ಆಯಿತು, ನಮ್ಮೂರುಗಳಿಗೆ ಹರ್ಕ್ಯುಲಿಸ್ ಬಂತು. ನಾನು ಒಳಪೆಡಲು ಹೊಡೆಯುತ್ತ ಕಲಿತ ಸೈಕಲ್ಲಿಗೂ ಈ ರಾಜಕುಮಾರನಿಗೂ ದೂರದ ದಾಯಾದಿ ಸಂಬಂಧ ಇದೆ ಅಂತ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಬಣ್ಣದ ವಿಷಯದಲ್ಲಿ ಗೆಳೆಯನಿಗೆ ಪೂರ್ತಿ ಅಂಕ. ಹಳೆಯ ಸೈಕಲ್ ಸಿಕ್ಕಿದ ತಕ್ಷಣ ಬಣ್ಣ ಕೆರೆಸಿ ಪೌಡರ್ ಕೋಟಿಂಗ್ ಮಾಡಿಸುವುದು ಈಗಿನ ಚಟ. ಹೊಯ್ಸಳರ ಕಾಲದ ಕಂಬಕ್ಕೆ ಆಯಿಲ್ ಪೇಂಟ್ ಬಳಿದು ಜೀರ್ಣೋದ್ಧಾರ ಅನ್ನುತ್ತಾರಲ್ಲ, ಅದೇ ಜಾತಿಯ ಕೆಲಸ. ಇವನು ತುಕ್ಕು ಹಿಡಿದ ಕಡೆಯಷ್ಟೇ ಉಜ್ಜಿ, ಬಣ್ಣ ಹೊಂದಿಸಿ, ಮೇಣ ಹಚ್ಚಿ ಬಿಟ್ಟಿದ್ದಾನೆ. ಸೀಟಿನ ಕೊಳವೆಯ ಮೇಲೆ ಕೈಯಲ್ಲಿ ಎಳೆದ ಚೌಕಗೆರೆ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ದಪ್ಪವಾಗಿದೆ, ಕುಂಚ ಅರೆಗಳಿಗೆ ನಿಂತಿದ್ದಿರಬೇಕು. ಕೆರೆಸಿದ್ದರೆ ಆ ಅರೆಗಳಿಗೆ ಹೋಗುತ್ತಿತ್ತು.

ಯಂತ್ರಭಾಗದ ಕಥೆ ಎಲ್ಲ ಹಳೆಯ ಸೈಕಲ್ಲಿನದೇ: ಬಾಲ್ಸ್ ಬದಲು, ಗ್ರೀಸು, ಬಿಗಿದು ಕೂತ ನಟ್ಟುಗಳ ಮೇಲೆ ಶಾಪ. ಎಡಗಡೆ ಚೈನಿನ ಬಿಗಿ ಹೊಂದಿಸುವ ಗುಂಡು ಮಾತ್ರ ಬೇರೆ ಲೆಕ್ಕ. ಅದರೊಳಗೆ ಅಚ್ಚು ಮಧ್ಯದಲ್ಲಿರದೆ ಪಕ್ಕಕ್ಕಿರುತ್ತದೆ. ಗುಂಡು ತಿರುಗಿಸಿದರೆ ಅಚ್ಚು ಹಿಂದೆಮುಂದೆ ಸರಿದು ಚೈನು ಬಿಗಿಯಾಗುತ್ತದೆ, ಸಡಿಲವಾಗುತ್ತದೆ. ಅದು ತುಕ್ಕಿನಲ್ಲಿ ಸೇರಿಹೋಗಿತ್ತು. ಬಿಡಿಸಲು ಒಂದು ತಿಂಗಳು ಹಿಡಿಯಿತಂತೆ, ದಿನಾ ಸಂಜೆ ಎರಡು ಹನಿ ಎಣ್ಣೆ, ಎರಡು ಪೆಟ್ಟು.

ಗಾಲಿಗಳನ್ನು ಅವನು ಉಳಿಸಿಕೊಳ್ಳಲಿಲ್ಲ, ಒಳ್ಳೆಯದೇ ಆಯಿತು. ಮೊದಲಿದ್ದದ್ದು 27 ಇಂಚಿನವು, ಅವಕ್ಕೆ ಈಗ ಒಳ್ಳೆಯ ಟೈರು ಸಿಗುವುದು ಅಪರೂಪ. ಪ್ರವಾಸದ ನಡುವೆ ಟೈರು ಹರಿದರೆ ಊರೂರು ಅಲೆಯಬೇಕು. ಬದಲಿಗೆ ಹಾಕಿದ 700ಸಿ ಅಳತೆಯ ಗಾಲಿಯ ರಿಮ್ಮು ಅದಕ್ಕಿಂತ ತ್ರಿಜ್ಯದಲ್ಲಿ 4 ಮಿಲಿಮೀಟರ್ ಮಾತ್ರ ಚಿಕ್ಕದು, ಬ್ರೇಕಿನ ರಬ್ಬರನ್ನು ಅಷ್ಟು ಕೆಳಗೆ ಇಳಿಸಿದರೆ ಮುಗಿಯಿತು. ಕಡ್ಡಿಗಳು ಗಾಲಿಗೆ 40. ಹೊಸ ಹಬ್ ಅಗಲವಾದದ್ದರಿಂದ ಹಿಂದಿನ ಫೋರ್ಕನ್ನು ಅಷ್ಟಷ್ಟೇ ಹಿಗ್ಗಿಸಿದ್ದಾನೆ. ಉಕ್ಕಾದ್ದರಿಂದ ಮಣಿಯಿತು, ಅಲ್ಯೂಮಿನಿಯಂ ಆಗಿದ್ದರೆ ಆ ಸಾಹಸಕ್ಕೆ ಕೈಹಾಕುವಂತಿರಲಿಲ್ಲ.

ನನ್ನ ಜಗಳ ಇರುವುದು ಬ್ರೇಕಿನ ಬಗ್ಗೆ. ಫ್ರಾನ್ಸಿನ ಮಫಾಕ್ ಕಂಪನಿಯ ಹಳೆಯ ಕ್ಯಾಂಟಿಲೀವರ್ ಬ್ರೇಕುಗಳನ್ನೇ ಅವನು ಪಾಲಿಶ್ ಮಾಡಿ ಹಾಕಿದ್ದಾನೆ. “ಒರಿಜಿನಲ್” ಎಂಬ ಮಾತು ಹೇಳುವಾಗ ಅವನ ಮುಖ ನೋಡಬೇಕು. ನೋಡಲು ಒಡವೆಯಂತಿವೆ, ಸಪಾಟು ರಸ್ತೆಯಲ್ಲಿ ಕೆಲಸಕ್ಕೂ ಅಡ್ಡಿಯಿಲ್ಲ. ಆದರೆ ಲೆಕ್ಕ ಹಾಕಿ ನೋಡಿ: ಇಬ್ಬರು ಸೇರಿ 140 ಕೆ.ಜಿ., ಸೈಕಲ್ಲು 20, ಸಾಮಾನು 25. ಈ 185 ಕೆ.ಜಿ. ಭಾರ 100 ಮೀಟರ್ ಎತ್ತರದಿಂದ ನಿಧಾನವಾಗಿ ಕೆಳಗಿಳಿಯುವಾಗ ಹುಟ್ಟುವ ಶಾಖ ಅರ್ಧ ಲೀಟರ್ ತಣ್ಣೀರನ್ನು ಕುದಿಸುವಷ್ಟು. ಗಾಳಿ ತಡೆದದ್ದು ಬಿಟ್ಟರೆ ಮಿಕ್ಕಿದ್ದೆಲ್ಲ ಹೋಗುವುದು ರಿಮ್ಮಿಗೆ. ರಿಮ್ಮು ಕಾದರೆ ಟ್ಯೂಬು ಸಿಡಿಯುತ್ತದೆ. ಅವರ ಮನೆಯಿಂದ ದಕ್ಷಿಣಕ್ಕೆ ಹೊರಟರೆ ನಾರ್ತ್ ಯಾರ್ಕ್ ಮೂರ್ಸ್ ಗುಡ್ಡಗಾಡು. ಅಲ್ಲಿನ ರೋಸ್‌ಡೇಲ್ ಚಿಮ್ನಿ ಬ್ಯಾಂಕ್ ಎಂಬ ರಸ್ತೆಯ ಫಲಕದಲ್ಲಿ ಇಳಿಜಾರು ಮೂರಕ್ಕೆ ಒಂದು ಅಂತ ಬರೆದಿದೆ.

ಮೊದಲ ವರ್ಷ ಆ ಮಫಾಕ್ ನಂಬಿಕೊಂಡೇ ಅಲ್ಲಿ ಇಳಿದಿದ್ದಾರೆ. ಅರ್ಧ ದಾರಿಯಲ್ಲಿ ಹೆಂಡತಿ ಇಳಿದು ನಡೆದರಂತೆ, ಎರಡು ದಿನ ಮಾತಾಡಲಿಲ್ಲವಂತೆ. ಆಮೇಲೆ ಬಂದದ್ದು ಹಿಂದಿನ ಹಬ್ಬಿನ ಎಡಕ್ಕೆ ತಿರುಪುವ ಡ್ರಮ್ ಬ್ರೇಕು, ಜಪಾನಿನ ಅರಾಯ್. ಈಗ ಅದರ ತಯಾರಿಕೆ ನಿಂತಿದೆ, ಹಳೆಯದನ್ನೇ ಹುಡುಕಿ ಕೊಂಡದ್ದು. ಉದ್ದ ಇಳಿಜಾರಿನಲ್ಲಿ ಅದನ್ನು ಅರ್ಧ ಹಿಡಿದು ಬಿಟ್ಟರೆ ಶಾಖ ಡ್ರಮ್ಮಿಗೆ ಹೋಗುತ್ತದೆ, ರಿಮ್ಮು ತಣ್ಣಗಿರುತ್ತದೆ. ಅದರ ಲಿವರ್ ಇರುವುದು ಹಿಂದಿನ ಹ್ಯಾಂಡಲ್ಲಿನಲ್ಲಿ. ಹಾಗೆಂದು ಷರತ್ತು ಹಾಕಿದವರು ಹೆಂಡತಿ. ಇಡೀ ಸೈಕಲ್ಲಿನಲ್ಲಿ ಅತಿ ಒಳ್ಳೆಯ ತೀರ್ಮಾನ ಅದು. ಟೇಲರ್ ಅಂಗಡಿಯಿಂದ ಬಂದದ್ದಲ್ಲ, ಚೆಂದವಂತೂ ಇಲ್ಲವೇ ಇಲ್ಲ.

ನಾನೂ ಹಿಂದೆ ಕೂತು ಅದೇ ಚಿಮ್ನಿ ಬ್ಯಾಂಕ್ ಇಳಿದೆ. ಹಿಂದಿನ ಸೀಟಿನವರಿಗೆ ರಸ್ತೆ ಕಾಣುವುದಿಲ್ಲ, ಮುಂದಿನವರ ಬೆನ್ನು ಕಾಣುತ್ತದೆ. ಗುಂಡಿ ಬಂದದ್ದು ಕುಂಡಿಗೆ ಬಡಿದಮೇಲೇ ತಿಳಿಯುವುದು. ಇಂಗ್ಲಿಷರು ಹಿಂದೆ ಕೂತವರನ್ನು ‘ಸ್ಟೋಕರ್’ ಅನ್ನುತ್ತಾರೆ, ಉಗಿಬಂಡಿಗೆ ಕಲ್ಲಿದ್ದಲು ಹಾಕುವವನ ಹೆಸರು, ಮುಂದಿನವರು ‘ಕ್ಯಾಪ್ಟನ್’. ಹೆಸರಿನಲ್ಲೇ ನ್ಯಾಯ ಹೇಗಿದೆ ನೋಡಿ. ಕೈಯಲ್ಲಿ ಆ ಒಂದು ಲಿವರ್ ಇದ್ದದ್ದಕ್ಕೆ ನಾನು ಕೊನೆಯವರೆಗೂ ಕೂತೇ ಇದ್ದೆ.

ಲಿವರಿನಿಂದಲೂ ತೀರದ ತಕರಾರು ಒಂದಿದೆ: ಜಾಗ. ಈಗಿನ ಟ್ಯಾಂಡಮ್‌ಗಳಲ್ಲಿ ಎರಡು ಸೀಟುಗಳ ನಡುವೆ 70 ಸೆಂಟಿಮೀಟರ್ ಆಸುಪಾಸು ಬಿಡುತ್ತಾರೆ, ಇದರಲ್ಲಿ 60. ಎದುರುಗಾಳಿಗೆ ಸ್ವಲ್ಪ ಬಗ್ಗಿದರೆ ಮೂಗು ಗೆಳೆಯನ ಬೆನ್ನಿಗೆ. ಸ್ಪ್ರಿಂಗ್ ಇರುವ ಸೀಟ್ ಕಂಬ ಹಾಕಿದ್ದಾನೆ, ಹ್ಯಾಂಡಲ್ ಬದಲಿಸಿದ್ದಾನೆ, ಆದರೆ ಚೌಕಟ್ಟಿನ ಉದ್ದ ಯಾವ ರಿಪೇರಿಗೂ ಬಗ್ಗುವುದಿಲ್ಲ. ಗಾಲಿಗಳ ಅಂತರ ತಗ್ಗಿಸಲು ಹಿಂದಿನ ಕೊಳವೆಯನ್ನೇ ಬಾಗಿಸಿದ ಮಾದರಿಯೊಂದನ್ನೂ ಟೇಲರ್‌ಗಳು ಮಾಡಿದ್ದರು. ಫೋಟೋದಲ್ಲಿ ಅದರಷ್ಟು ಸುಂದರವಾದ ಟ್ಯಾಂಡಮ್ ಇಲ್ಲ. ಅಂಥದ್ದರ ಮೇಲೆ ದಿನಕ್ಕೆ 80 ಕಿ.ಮೀ. ಹಿಂದೆ ಕೂತು ಹೋಗು ಅಂದರೆ ನಾನು ಬಸ್ಸು ಹತ್ತುತ್ತೇನೆ.

ಸಾಮಾನಿನ ವಿಷಯದಲ್ಲೂ ಟ್ಯಾಂಡಮ್ ಜಿಪುಣ. ಜನ ಇಬ್ಬರು, ಗಾಲಿ ಎರಡೇ. ಚೀಲ ನೇತುಹಾಕಲು ಒಂದು ಸೈಕಲ್ಲಿನಷ್ಟೇ ಜಾಗ. ನಾಲ್ಕು ಚೀಲಗಳಲ್ಲಿ ಇಬ್ಬರ ಸಂಸಾರ ಹಿಡಿಸಬೇಕು. ಹಿಂದೆ ಭಾರ ಹೆಚ್ಚಾಗಿ ಗಾಲಿ ಬೆಂಡಾಗಬಾರದೆಂದು ಮುಂದಿನ ಫೋರ್ಕಿಗೆ ತಗ್ಗಿನಲ್ಲಿ ಕ್ಯಾರಿಯರ್ ಹಾಕಿದ್ದಾನೆ. ಭಾರ ಹಂಚಿದ್ದು ಚೆನ್ನಾಗಿದೆ. ಯಾರ ಬಟ್ಟೆ ಎಷ್ಟು ಎಂಬ ಹಂಚಿಕೆ ಇನ್ನೂ ಇತ್ಯರ್ಥವಾಗಿಲ್ಲ.

ಒಟ್ಟಿನಲ್ಲಿ ಚೌಕಟ್ಟು, ಬಣ್ಣ, ಗಾಲಿ, ಡ್ರಮ್ ಬ್ರೇಕು ಮೆಚ್ಚುವಂಥವು. ಮಫಾಕ್ ಬ್ರೇಕು ತೆಗೆದು ಗೋಡೆಗೆ ನೇತುಹಾಕುವಂಥದ್ದು, ಅವನಿಗೆ ಹಾಗೇ ಹೇಳಿ ಬಂದಿದ್ದೇನೆ. ನೀವೂ ಹಳೆಯ ಟ್ಯಾಂಡಮ್ ಕೊಳ್ಳಲು ಹೊರಟರೆ ಹಿಂದೆ ಕೂರುವವರನ್ನು ಜೊತೆಗೇ ಕರೆದುಕೊಂಡು ಹೋಗಿ. ದುಡ್ಡು ಕೊಡುವ ಮುಂಚೆ ಅವರನ್ನು ಒಂದು ಗಂಟೆಯಾದರೂ ಹಿಂದಿನ ಸೀಟಿನಲ್ಲಿ ಕೂರಿಸಿ ನೋಡಿ.