ಉಲಿ: ಗೋಡೆಯಿಂದ ಕಲಾಶಾಲೆಗೆ

'ಉಲಿ' ಎಂದರೆ ನಮಗೆ ದನಿ. ನೈಜೀರಿಯದ ಇಗ್ಬೊ ಜನರಿಗೆ ಅದು ರೇಖೆ. ಒಂದು ಗಿಡದ ಕಾಯಿಯ ರಸದಿಂದ ಹೆಂಗಸರು ಮೈಮೇಲೆ ಬರೆಯುತ್ತಿದ್ದ ಚಿತ್ತಾರಕ್ಕೂ, ಬಣ್ಣದ ಮಣ್ಣಿನಿಂದ ಗೋಡೆಯ ಮೇಲೆ ಬರೆಯುತ್ತಿದ್ದ ಚಿತ್ತಾರಕ್ಕೂ ಅದೇ ಹೆಸರು. ಮೈಮೇಲಿನದು ವಾರದ ಹೊತ್ತಿಗೆ ಮಾಸುತ್ತಿತ್ತು. ಗೋಡೆಯದನ್ನು ಮಳೆ ತೊಳೆಯುತ್ತಿತ್ತು. ಹೀಗೆ ಅಳಿದುಹೋಗುವ ವಿದ್ಯೆ ವಿಶ್ವವಿದ್ಯಾನಿಲಯದ ಪಾಠವಾದ ಬಗೆ ವಿಚಾರ ಮಾಡತಕ್ಕದ್ದು.

1958ರಲ್ಲಿ ಜಾರಿಯ ಎಂಬ ಊರಿನ ಕಾಲೇಜಿನಲ್ಲಿ ಕಲೆಯ ಪಾಠ ಹೇಳುತ್ತಿದ್ದವರು ಬಹುಮಟ್ಟಿಗೆ ಯೂರೋಪಿನವರು; ಪಠ್ಯಕ್ರಮವೂ ಇಂಗ್ಲೆಂಡಿನ ಅಚ್ಚಿನದೇ. ಅಲ್ಲಿನ ವಿದ್ಯಾರ್ಥಿಗಳಾದ ಊಚೆ ಒಕೆಕೆ, ಡೆಮಾಸ್ ನ್ವೊಕೊ, ಬ್ರೂಸ್ ಒನೊಬ್ರಕ್ಪೆಯ ಮೊದಲಾದವರು ಒಂದು ಸಂಘ ಕಟ್ಟಿದರು. ದೇಶ ಸ್ವತಂತ್ರವಾದ 1960ರಲ್ಲಿ ಒಕೆಕೆ 'ಸಹಜ ಸಮನ್ವಯ'ದ ತತ್ತ್ವವನ್ನು ಮುಂದಿಟ್ಟರು. ಯೂರೋಪಿನ ನಕಲೂ ಬೇಡ, ಹಳೆಯದರ ನಕಲೂ ಬೇಡ, ಎರಡರಲ್ಲಿಯೂ ಸಾರವಾದುದನ್ನು ಆರಿಸಿಕೊಳ್ಳೋಣ ಎಂಬುದು ಅದರ ತಾತ್ಪರ್ಯ.

ಇಂಥ ಮಾತು ಆಡುವುದು ಸುಲಭ. ಒಕೆಕೆಯವರ ಹೆಚ್ಚಳವೆಂದರೆ, ಅವರು ತಮ್ಮ ತಾಯಿಯಿಂದಲೇ ಉಲಿ ಕಲಿತರು. 1970ರಲ್ಲಿ ಅಂತರ್ಯುದ್ಧ ಮುಗಿದ ಮೇಲೆ ಎನ್‌ಸುಕ್ಕದ ವಿಶ್ವವಿದ್ಯಾನಿಲಯಕ್ಕೆ ಹೋಗಿ ಅದನ್ನು ಪಾಠಕ್ಕೆ ತಂದರು.

ಅವರ 1962ರ 'ಓಜ' ಮಾಲೆಯ ಮಸಿಚಿತ್ರಗಳನ್ನು ನಾನು ನೋಡಿರುವುದು ಅಚ್ಚಿನಲ್ಲಿ ಮಾತ್ರ. ಹಾಳೆಯ ಬಹುಭಾಗ ಖಾಲಿ. ಒಂದು ತೆಳುಗೆರೆ ಹೊರಟು, ಸುರುಳಿಯಾಗಿ, ಸಾಕೆನಿಸಿದಲ್ಲಿ ನಿಲ್ಲುತ್ತದೆ. ನೆರಳುಬೆಳಕಿನ ಲೆಕ್ಕವಿಲ್ಲ. ಹಳೆಯ ಪರೀಕ್ಷಕರು ಇದಕ್ಕೆ ಅಂಕ ಕೊಡುತ್ತಿದ್ದರೋ ಇಲ್ಲವೋ! ದೇಶೀಯ ವಿದ್ಯೆಯೆಂದರೆ ಅಂಚಿಗೆ ಅಂಟಿಸುವ ಅಲಂಕಾರವಲ್ಲ, ಎಷ್ಟು ಬರೆಯಬೇಕು, ಎಷ್ಟು ಬಿಡಬೇಕು ಎಂಬ ವಿವೇಕ ಎನ್ನುವುದು ನನಗೆ ಇಲ್ಲಿ ಮನವರಿಕೆಯಾಯಿತು. ಶಾಲೆಯಲ್ಲಿ ಶಂಕು, ಘನ, ಹೂಜಿಗಳನ್ನು ತಿದ್ದಿದ ನನಗೆ, ಮನೆಬಾಗಿಲ ರಂಗವಲ್ಲಿಯೂ ಡ್ರಾಯಿಂಗೇ ಎಂದು ಯಾರೂ ಹೇಳಿರಲಿಲ್ಲ.

ಆದರೂ ಒಂದು ಆಕ್ಷೇಪ ಉಳಿಯುತ್ತದೆ. ಉಲಿ ಹೆಂಗಸರ ವಿದ್ಯೆ. ಮಿಷನ್ ಶಾಲೆ, ಹೊಸ ಉಡುಪು, ಸಿಮೆಂಟಿನ ಗೋಡೆಗಳು ಬಂದಂತೆ ಅವರ ಕೈಯಲ್ಲಿ ಅದು ಕ್ಷೀಣಿಸಿತು. ಕಲಾಶಾಲೆಯಿಂದ ಹೊರಬಂದು ಹೆಸರು ಮಾಡಿದವರು ಬಹುಪಾಲು ಗಂಡಸರು. ಹಾಳೆಯ ಮೇಲೆ ರುಜು ಬಿತ್ತು. ಗೋಡೆಗೆ ಬರೆದ ಎಷ್ಟೋ ತಾಯಂದಿರ ಹೆಸರು ಉಳಿಯಲಿಲ್ಲ. ವಿದ್ಯೆಯನ್ನು ಒಳಕ್ಕೆ ಕರೆದು ವಿದ್ಯಾವಂತೆಯನ್ನು ಹೊರಗೆ ನಿಲ್ಲಿಸಿದರೆ ಪರಕೀಯ ಶಿಕ್ಷಣದ ಕಟ್ಟು ಅರ್ಧ ಮಾತ್ರ ಬಿಚ್ಚಿದಂತೆ.

ಒಕೆಕೆ 2016ರಲ್ಲಿ ತೀರಿಕೊಂಡರು. ತಮ್ಮ ಗುರು ತಾಯಿಯೆಂಬುದನ್ನು ಅವರು ಮುಚ್ಚಿಡಲಿಲ್ಲ. ಆ ಋಣವನ್ನು ಸಲ್ಲಿಸುವ ಕೆಲಸ ಶಾಲೆಗಳ ಪಾಲಿಗೆ ಉಳಿದಿದೆ.